ಶುಶ್ರೂಷಕಿಯೂ ಪ್ರತಿಜೈವಿಕವೂ

ಪೆನಿಸಿಲಿನ್ ಎಂಬ ಮಹೌಷಧವನ್ನು ಮನುಷ್ಯರಿಗೆ ಕೊಡಬಹುದಾದಷ್ಟು ಪ್ರಮಾಣದಲ್ಲಿ ಬೆಳೆಯಿಸುವ ಪ್ರಯತ್ನದಲ್ಲಿ ಆಸ್ಪತ್ರೆಯ ಬೆಡ್‌ಪ್ಯಾನುಗಳಿಗೂ ಒಂದು ಪಾತ್ರವಿತ್ತು ಎಂದರೆ ವಾಚಕರಲ್ಲಿ ಕೆಲವರಿಗೆ ಅದು ಪರಿಹಾಸ್ಯದಂತೆ ತೋರಬಹುದು. ಆದರೆ ಸಂಗತಿ ಸತ್ಯವಾದದ್ದು. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಬೂಷ್ಟಿನ ರಸದಿಂದ ಔಷಧವನ್ನು ಪಡೆಯಲು ಹೊರಟ ಆಕ್ಸ್‌ಫರ್ಡಿನ ಫ್ಲೋರಿ, ಚೇನ್, ಹೀಟ್ಲಿ ಮೊದಲಾದವರಿಗೆ ಯುದ್ಧಕಾಲದ ಅಭಾವದಲ್ಲಿ ತಕ್ಕ ಪಾತ್ರೆಗಳೇ ದೊರೆಯದೆ ಹೋದಾಗ, ಬೂಷ್ಟು ಹರಡಿಕೊಳ್ಳುವುದಕ್ಕೆ ಬೇಕಾದ ಅಗಲವೂ ಆಳದ ಮಿತಿಯೂ ಉಳ್ಳ ಬೆಡ್‌ಪ್ಯಾನುಗಳು ಅವರ ನೆರವಿಗೆ ಬಂದುವು. ಅನಂತರ ಕುಂಬಾರರಿಂದ ಮಾಡಿಸಿದ ಪಿಂಗಾಣಿಯ ಪಾತ್ರೆಗಳ ಆಕಾರಕ್ಕೂ ಅವೇ ಮಾದರಿಯಾದುವು. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ, ಮೈಯೆಲ್ಲ ಕೀವು ತುಂಬಿ ಮರಣೋನ್ಮುಖನಾಗಿದ್ದ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಆ ಔಷಧವನ್ನು ಕೊಟ್ಟಾಗ ಒಂದೇ ದಿನದಲ್ಲಿ ಅವನ ಸ್ಥಿತಿ ಉತ್ತಮವಾಯಿತು. ಆದರೆ ಔಷಧದ ಸಂಗ್ರಹವು ಅತ್ಯಲ್ಪವಾದುದರಿಂದ, ಅವನ ಮೂತ್ರವನ್ನು ವಾರ್ಡಿನಲ್ಲಿ ತಪ್ಪದೆ ಶೇಖರಿಸಿ, ಪ್ರಯೋಗಶಾಲೆಗೆ ಕೊಂಡೊಯ್ದು, ಅದರೊಳಗಿಂದ ಪೆನಿಸಿಲಿನ್ನನ್ನು ಮರಳಿ ಬೇರ್ಪಡಿಸಿ ಅವನಿಗೇ ಕೊಡಬೇಕಾಗಿ ಬಂತು. ಕಡೆಗೆ ಅದೂ ಸಾಲದೆ, ಔಷಧ ತೀರಿಹೋಗಿ, ಮಾರ್ಚಿಯಲ್ಲಿ ಅವನು ತೀರಿಕೊಂಡನು.

ಈ ವೃತ್ತಾಂತವನ್ನು ವಿಜ್ಞಾನದ ಕಥೆಯೆಂದು ಓದುವವರೇ ಹೆಚ್ಚು. ನನಗಾದರೋ ಇದು ಶುಶ್ರೂಷೆಯ ಕಥೆಯಾಗಿಯೂ ಕಾಣುತ್ತದೆ. ದೇಹವು ಪೆನಿಸಿಲಿನ್ನನ್ನು ಎಷ್ಟು ಶೀಘ್ರವಾಗಿ ಮೂತ್ರದೊಡನೆ ಹೊರಕ್ಕೆ ಹಾಕುತ್ತದೆಯೆಂದರೆ, ರಕ್ತದಲ್ಲಿ ಅದರ ಪ್ರಮಾಣವು ಸುಮಾರು ಅರ್ಧ ಗಂಟೆಗೆ ಅರ್ಧದಷ್ಟಾಗಿಬಿಡುತ್ತದೆ. ಆದುದರಿಂದಲೇ ಆ ಕಾಲದಲ್ಲಿ ಅದನ್ನು ಮೂರು ಗಂಟೆಗೊಮ್ಮೆ, ಹಗಲೆನ್ನದೆ ಇರುಳೆನ್ನದೆ, ಚುಚ್ಚಿ ಕೊಡಬೇಕಾಗಿತ್ತು. ಹೀಗೆ ನಡುರಾತ್ರಿ ಮೂರು ಗಂಟೆಗೆ ಗಾಜಿನ ಪಿಚಕಾರಿಯನ್ನು ಕುದಿಸಿಕೊಂಡು, ನಿದ್ರಿಸುತ್ತಿರುವ ರೋಗಿಯನ್ನು ಎಬ್ಬಿಸಿ ಮದ್ದನ್ನು ಕೊಟ್ಟವರು ಯಾರು? ಔಷಧದ ಗುಣವು ಔಷಧದಲ್ಲಿ ಎಷ್ಟಿತ್ತೋ ಅದನ್ನು ಹೊತ್ತಿಗೆ ಸರಿಯಾಗಿ ಕೊಟ್ಟ ಕೈಯಲ್ಲಿಯೂ ಅಷ್ಟೇ ಇತ್ತು. (ಶುಶ್ರೂಷಕಿ ಎಂದು ಸ್ತ್ರೀಲಿಂಗದಲ್ಲಿ ಬರೆಯುತ್ತಿದ್ದೇನಾದರೂ ಈ ವೃತ್ತಿಯಲ್ಲಿ ಪುರುಷರೂ ಇದ್ದಾರೆಂಬುದನ್ನು ನಾನು ಬಲ್ಲೆ, ನಮ್ಮ ಆಸ್ಪತ್ರೆಗಳಲ್ಲಿ 'ಸಿಸ್ಟರ್' ಎಂಬ ಕರೆಯು ಇನ್ನೂ ಬಹುಸಂಖ್ಯಾತರಿಗೆ ಒಪ್ಪುವಂತಿರುವುದೇ ಇದಕ್ಕೆ ಕಾರಣ.)

ರೋಗಾಣುಗಳನ್ನು ಕೊಲ್ಲುವ ಪ್ರತಿಜೈವಿಕ ಔಷಧಗಳಿಗೂ ಮಿಕ್ಕ ಔಷಧಗಳಿಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ರಕ್ತದ ಒತ್ತಡದ ಮಾತ್ರೆಯನ್ನು ತಪ್ಪಾಗಿ ಕೊಟ್ಟರೆ ಅದರ ಕೇಡು ಅದನ್ನು ನುಂಗಿದವನಿಗೆ ಮಾತ್ರ. ಪ್ರತಿಜೈವಿಕವನ್ನು ಹೊತ್ತು ತಪ್ಪಿಸಿ, ಪ್ರಮಾಣ ತಪ್ಪಿಸಿ ಅಥವಾ ಬೇಡದ ಕಡೆಯಲ್ಲಿ ಕೊಟ್ಟರೆ, ಆ ರೋಗಿಯ ಮೈಯಲ್ಲಿ ಸಾಯದೆ ಉಳಿದು ಮದ್ದಿಗೆ ಒಗ್ಗಿಹೋದ ಕ್ರಿಮಿಗಳು ಪಕ್ಕದ ಮಂಚದವನಿಗೂ, ಅಲ್ಲಿಂದ ಊರಿನವರಿಗೂ ದಾಟುತ್ತವೆ. ಫ್ಲೆಮಿಂಗನೇ 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದ ಸಂದರ್ಭದ ಉಪನ್ಯಾಸದಲ್ಲಿ, ಅಲ್ಪಪ್ರಮಾಣದಲ್ಲಿ ಪೆನಿಸಿಲಿನ್ನನ್ನು ಸೇವಿಸಿದರೆ ಕ್ರಿಮಿಗಳು ಅದನ್ನು ತಡೆದುಕೊಳ್ಳಲು ಕಲಿಯುತ್ತವೆಂದು ಎಚ್ಚರಿಸಿದ್ದನು. ಆದಕಾರಣ ಮದ್ದನ್ನು ಬರೆಯುವ ವೈದ್ಯನ ಜ್ಞಾನ ಎಷ್ಟು ಆವಶ್ಯಕವೋ, ಕೊಡುವವರ ಜ್ಞಾನವೂ ಅಷ್ಟೇ ಆವಶ್ಯಕ. ಬರೆದ ಚೀಟಿಗೂ ರೋಗಿಯ ರಕ್ತನಾಳಕ್ಕೂ ನಡುವೆ ತಪ್ಪನ್ನು ತಡೆಯಬಲ್ಲವರಲ್ಲಿ ಕೊನೆಯವರು ಅವರೇ.

ಆ ಜ್ಞಾನದಲ್ಲಿ ಮೊದಲನೆಯದು ಕಾಲದ ಜ್ಞಾನ. ಚಾರ್ಟಿನಲ್ಲಿ ವೈದ್ಯರು ದಿನಕ್ಕೆ ಮೂರು ಬಾರಿ ಎಂದು ಬರೆದದ್ದನ್ನು ನಮ್ಮಂಥ ಸಾಮಾನ್ಯರು ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟು ಎಂದು ಊಟದ ಲೆಕ್ಕದಲ್ಲಿ ಅರ್ಥಮಾಡಿಕೊಳ್ಳುತ್ತೇವೆ. ಹಾಗೆ ಮಾಡಿದರೆ ರಾತ್ರಿಯಲ್ಲಿ ಹನ್ನೆರಡು ಗಂಟೆಗಳ ದೀರ್ಘವಾದ ತೆರವು ಬೀಳುತ್ತದೆ. ಬಲ್ಲ ಸಿಸ್ಟರ್ ಅದನ್ನು ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು ಎಂದು ಎಂಟೆಂಟು ಗಂಟೆಗಳಿಗೆ ಸಮನಾಗಿ ಹಂಚುತ್ತಾಳೆ. ಪೆನಿಸಿಲಿನ್ ಮತ್ತು ಅದರ ಬಂಧುವರ್ಗಕ್ಕೆ ಸೇರಿದ ಔಷಧಗಳ ಶಕ್ತಿಯು, ರಕ್ತದಲ್ಲಿ ಅವುಗಳ ಪ್ರಮಾಣವು ಒಂದು ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ನಿಂತಿರುತ್ತದೆ ಎಂಬುದನ್ನು ಅವಲಂಬಿಸಿದೆ. ನಂದಾದೀಪಕ್ಕೆ ಎಣ್ಣೆ ಆರಿಹೋಗುವ ಮುನ್ನವೇ ಎರೆಯುತ್ತಿರಬೇಕಷ್ಟೆ, ಒಂದೇ ಸಲ ಕೊಡವನ್ನು ಬೋರಲಿಟ್ಟರೆ ಪ್ರಯೋಜನವಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್ ಮುಂತಾದವುಗಳ ಸ್ವಭಾವ ಇದಕ್ಕೆ ವಿಪರೀತವಾದದ್ದು: ಅವು ಒಮ್ಮೆಲೇ ಉನ್ನತವಾದ ಮಟ್ಟಕ್ಕೇರಿ ಕ್ರಿಮಿಗಳನ್ನು ಹೊಡೆದು, ಆಮೇಲೆ ಇಳಿದುಹೋದರೂ ಅವುಗಳ ಪ್ರಭಾವ ಕೆಲವು ಹೊತ್ತು ಉಳಿದಿರುತ್ತದೆ, ಆದುದರಿಂದ ದಿನಕ್ಕೊಂದೇ ಬಾರಿ ಕೊಟ್ಟು, ನಡುವಿನ ಬಿಡುವಿನಲ್ಲಿ ಮೂತ್ರಪಿಂಡಕ್ಕೂ ಕಿವಿಗೂ ವಿಶ್ರಾಂತಿಯನ್ನು ಕೊಡುವುದು ಬಹುತೇಕ ಸಂದರ್ಭಗಳಲ್ಲಿ ಮೇಲು. ಈ ಭೇದವನ್ನು ತಿಳಿದವಳಿಗೆ ಡ್ಯೂಟಿ ಬದಲಾಗುವ ಗಡಿಬಿಡಿಯಲ್ಲಿ ತಡವಾದ ಯಾವ ಡೋಸು ಎಷ್ಟು ಗಂಡಾಂತರದ್ದು ಎಂಬ ತಾರತಮ್ಯವೂ ತಿಳಿಯುತ್ತದೆ.

ಮೊದಲನೆಯ ಡೋಸಿನ ಮುಂಚಿನ ಗಳಿಗೆಯಂತೂ ಬಹು ಅಮೂಲ್ಯವಾದದ್ದು. ರೋಗಕ್ಕೆ ಕಾರಣವಾದ ಕ್ರಿಮಿ ಯಾವುದು, ಅದು ಯಾವ ಮದ್ದಿಗೆ ಬಗ್ಗುತ್ತದೆ ಎಂಬುದನ್ನು ತಿಳಿಯಲು ರಕ್ತವನ್ನೋ ಮೂತ್ರವನ್ನೋ ಕೀವನ್ನೋ ಕಲ್ಚರಿಗೆ ಕಳುಹಿಸುವುದಷ್ಟೆ. ಮದ್ದನ್ನು ಕೊಟ್ಟ ಅನಂತರ ರಕ್ತವನ್ನು ತೆಗೆದರೆ ಕ್ರಿಮಿಯು ಸೀಸೆಯಲ್ಲಿ ಬೆಳೆಯದೆ, ಎರಡು ಮೂರು ದಿನಗಳ ಮೇಲೆ ಬರುವ ವರದಿಯು ಏನೂ ಹೇಳದ ಬರಿಯ ಕಾಗದವಾಗಿಬಿಡಬಹುದು. ಚರ್ಮವನ್ನು ಶುದ್ಧಮಾಡಿ, ಅದು ಒಣಗುವವರೆಗೆ ತಾಳ್ಮೆಯಿಂದ ಕಾಯ್ದು, ವಯಸ್ಕರಲ್ಲಿ ಸೀಸೆಯೊಂದಕ್ಕೆ ಎಂಟರಿಂದ ಹತ್ತು ಮಿಲಿಲೀಟರ್ ರಕ್ತವನ್ನು ಎರಡು ಬೇರೆ ಬೇರೆ ಜಾಗಗಳಿಂದ ತೆಗೆಯಬೇಕು. ಅವಸರದಲ್ಲಿ ಎರಡೇ ಹನಿ ತೆಗೆದರೂ, ಚರ್ಮದ ಮೇಲಿನ ನಿರುಪದ್ರವಿ ಜೀವಾಣುವು ಸೂಜಿಯೊಡನೆ ಒಳಕ್ಕೆ ಹೋದರೂ, ವರದಿ ದಾರಿ ತಪ್ಪಿಸುತ್ತದೆ. ಹಾಗೆಂದು ರಕ್ತ ತೆಗೆಯುವ ನೆಪದಲ್ಲಿ ಮದ್ದನ್ನು ತಡಮಾಡುವಂತೆಯೂ ಇಲ್ಲ. ಸೋಂಕು ರಕ್ತಕ್ಕೇರಿ ಒತ್ತಡ ಕುಸಿಯುತ್ತಿರುವ ರೋಗಿಗೆ, ಅದನ್ನು ಗುರುತಿಸಿದ ಒಂದು ಗಂಟೆಯೊಳಗಾಗಿ ಪ್ರತಿಜೈವಿಕವು ಮೈಗೆ ಸೇರಬೇಕೆಂದು ಇಂದಿನ ವೈದ್ಯಶಾಸ್ತ್ರವು ವಿಧಿಸುತ್ತದೆ.

ಇನ್ನು ಒಗ್ಗದಿರುವಿಕೆಯ ಮಾತು, ಎಂದರೆ ಅಲರ್ಜಿಯದು. ನಮ್ಮಲ್ಲಿ ಪೆನಿಸಿಲಿನ್ ಕೊಡುವುದಕ್ಕೆ ಮೊದಲು ಮುಂಗೈಯ ಚರ್ಮದೊಳಕ್ಕೆ ಅತ್ಯಲ್ಪ ಪ್ರಮಾಣವನ್ನು ಚುಚ್ಚಿ, ಹದಿನೈದಿಪ್ಪತ್ತು ನಿಮಿಷ ಕಾದು, ಗಂದೆ ಏಳುತ್ತದೆಯೇ ಎಂದು ನೋಡುವ 'ಟೆಸ್ಟ್ ಡೋಸ್' ಪದ್ಧತಿಯು ಎಲ್ಲರಿಗೂ ಪರಿಚಿತವಾದದ್ದು. ಆದರೆ ಗಂದೆ ಏಳಲಿಲ್ಲವೆಂಬ ಮಾತ್ರಕ್ಕೆ ನಿಶ್ಚಿಂತಳಾಗಿ ಡೋಸನ್ನು ಕೊಟ್ಟು ಪಕ್ಕದ ವಾರ್ಡಿಗೆ ಹೊರಟುಹೋಗುವ ಸಿಸ್ಟರ್, ಪರೀಕ್ಷೆಯನ್ನು ಮಾಡಿದಳೇ ಹೊರತು ಅದರ ಮಿತಿಯನ್ನು ಅರಿಯಲಿಲ್ಲವೆಂದೇ ಹೇಳಬೇಕಾಗುತ್ತದೆ. ಅಂಗೈ ತುರಿಕೆ, ತುಟಿಯ ಊತ, ಸ್ವರ ಬದಲಾಗುವುದು, ಎದೆ ಬಿಗಿಯುವುದು, 'ಏನೋ ಆಗುತ್ತಿದೆ ಸಿಸ್ಟರ್' ಎಂಬ ರೋಗಿಯ ಅವ್ಯಕ್ತವಾದ ಭೀತಿ, ಇವು ಕೆಲವೇ ನಿಮಿಷಗಳಲ್ಲಿ ಒಂದರ ಮೇಲೊಂದು ಬರಬಹುದು. ಆಗ ಮದ್ದನ್ನು ನಿಲ್ಲಿಸಿ, ಜೊತೆಯವರನ್ನು ಕೂಗಿ, ವೈದ್ಯರ ಆದೇಶದಂತೆ ವಯಸ್ಕನಾದರೆ ಅರ್ಧ ಮಿಲಿಗ್ರಾಂ ಅಡ್ರಿನಲಿನನ್ನು ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಕೊಡಬೇಕು. ಅಡ್ರಿನಲಿನ್ ಎಲ್ಲಿದೆಯೆಂದು ಆ ಹೊತ್ತಿನಲ್ಲಿ ಕಪಾಟಿನ ಬೀಗದ ಕೈಯನ್ನು ಹುಡುಕುವ ಪರಿಸ್ಥಿತಿ ಯಾವ ವಾರ್ಡಿಗೂ ಬರಕೂಡದು.

ಇದರ ಇನ್ನೊಂದು ಮುಖವನ್ನು ಜನರು ಅಷ್ಟಾಗಿ ಅರಿಯರು. 'ನನಗೆ ಪೆನಿಸಿಲಿನ್ ಆಗುವುದಿಲ್ಲ' ಎಂದು ಹೇಳುವವರಲ್ಲಿ ಬಹುಮಂದಿಗೆ ನಿಜವಾದ ಅಲರ್ಜಿಯಿರುವುದಿಲ್ಲ. ಬಾಲ್ಯದಲ್ಲಿ ಯಾವುದೋ ಮಾತ್ರೆಯಿಂದ ವಾಂತಿಯೋ ಭೇದಿಯೋ ಆದದ್ದನ್ನು ತಾಯಿ ನೆನಪಿಟ್ಟುಕೊಂಡು ಹೇಳಿದ್ದು ಆಜನ್ಮ ಹಣೆಪಟ್ಟಿಯಾಗಿ ಅಂಟಿಕೊಂಡಿರುತ್ತದೆ. ಕೇಸ್ ಶೀಟಿನ ಮೇಲೆ ಕೆಂಪು ಮಸಿಯಲ್ಲಿ ಅಲರ್ಜಿಯೆಂದು ಬರೆದುಬಿಟ್ಟರೆ, ಸುಲಭವೂ ಅಗ್ಗವೂ ಆದ ಮದ್ದು ದೂರವಾಗಿ, ಕಡೆಗಾಲಕ್ಕೆಂದು ಕಾಯ್ದಿರಿಸಬೇಕಾದ ದುಬಾರಿಯ ಮದ್ದು ಮೊದಲೇ ಹೊರಬೀಳುತ್ತದೆ. ಆದಕಾರಣ ಚತುರಳಾದ ಶುಶ್ರೂಷಕಿ ಅಷ್ಟಕ್ಕೇ ಬಿಡದೆ, 'ಆವಾಗ ಏನಾಗಿತ್ತು ಅಮ್ಮಾ? ಮೈಮೇಲೆ ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ, ಬರೀ ಹೊಟ್ಟೆ ತೊಳಸಿತ್ತೇ? ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಿಗೆ?' ಎಂದು ವಿಚಾರಿಸಿ, ಬಂದ ಉತ್ತರವನ್ನು ಇದ್ದ ಹಾಗೆಯೇ ಬರೆದು ವೈದ್ಯರ ಮುಂದಿಡುತ್ತಾಳೆ.

ಮದ್ದನ್ನು ಯಾವುದರಲ್ಲಿ ಬೆರೆಸಬೇಕು, ಎಷ್ಟು ನಿಧಾನವಾಗಿ ಬಿಡಬೇಕು ಎಂಬುದು ಹೊರಗಿನವರಿಗೆ ಅಲ್ಪವಿಷಯವಾಗಿ ಕಾಣಬಹುದು. ಒಳಗಿದ್ದು ನೋಡಿದರೆ ಸಿಸ್ಟರ್‌ಗಳ ವಿದ್ಯೆಯ ಬಹುಭಾಗ ಇಲ್ಲಿಯೇ ಇದೆ. ವ್ಯಾಂಕೊಮೈಸಿನ್ ಎಂಬ ಔಷಧವನ್ನು ಒಂದು ಗ್ರಾಮಿಗೆ ಕನಿಷ್ಠಪಕ್ಷ ಒಂದು ಗಂಟೆಯಷ್ಟು ಕಾಲ ಹನಿಹನಿಯಾಗಿ ಬಿಡಬೇಕು. ಅವಸರಪಟ್ಟು ಬಿಟ್ಟರೆ ರೋಗಿಯ ಮುಖ, ಕುತ್ತಿಗೆ, ಎದೆಯ ಮೇಲ್ಭಾಗಗಳು ಕೆಂಪೇರಿ, ತುರಿಕೆಯೆದ್ದು, ಕೆಲವೊಮ್ಮೆ ರಕ್ತದ ಒತ್ತಡವೂ ಇಳಿಯುತ್ತದೆ. ಅದು ಬಹುಮಟ್ಟಿಗೆ ವೇಗದ ದೋಷವೇ ಹೊರತು ನಿಜವಾದ ಅಲರ್ಜಿಯಲ್ಲ. ನಿಲ್ಲಿಸಿ, ರೋಗಿ ಚೇತರಿಸಿಕೊಂಡ ಮೇಲೆ, ವೈದ್ಯರನ್ನು ಕೇಳಿ ಇನ್ನೂ ಮೆಲ್ಲಗೆ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸೆಫ್ಟ್ರಿಯಾಕ್ಸೋನನ್ನು ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ದ್ರವದೊಡನೆ ಬೆರೆಸಿದರೆ ಅದು ಗಷ್ಟಾಗಿ ನಿಲ್ಲುತ್ತದೆ. ಹೀಗಾಗಿ ಕ್ಯಾಲ್ಸಿಯಂ ದ್ರವಗಳು ಹೋಗುತ್ತಿರುವ ನವಜಾತ ಶಿಶುಗಳಿಗೆ ಅದು ನಿಷಿದ್ಧವೇ ಸರಿ. ಪೆನಿಸಿಲಿನ್ ವರ್ಗದ ಮದ್ದನ್ನೂ ಜೆಂಟಾಮೈಸಿನ್ನನ್ನೂ ಒಂದೇ ಸಿರಿಂಜಿನಲ್ಲಿ ಸೇರಿಸಿದರೆ ಮೊದಲನೆಯದು ಎರಡನೆಯದನ್ನು ನಿಸ್ಸತ್ತ್ವಗೊಳಿಸುತ್ತದೆ; ಆದುದರಿಂದ ಒಂದರ ಅನಂತರ ನಾಳವನ್ನು ಸಲೈನಿನಿಂದ ತೊಳೆದು ಇನ್ನೊಂದನ್ನು ಕೊಡುವುದು ವಾಡಿಕೆ.

ಶಿಲೀಂಧ್ರನಾಶಕವಾದ ಆಂಫೊಟೆರಿಸಿನ್ ಬಿ ಇವೆಲ್ಲಕ್ಕಿಂತ ಕಟುವಾದ ಗುರು. 2021ರ ಎರಡನೆಯ ಕೊರೋನಾ ಅಲೆಯ ಕಾಲದಲ್ಲಿ ಕಪ್ಪು ಶಿಲೀಂಧ್ರ ರೋಗವು ಕರ್ನಾಟಕದಲ್ಲಿಯೂ ಹಬ್ಬಿ, ಈ ಮದ್ದಿಗಾಗಿ ಜನ ಊರೂರು ಅಲೆದದ್ದು ವಾಚಕರಿಗೆ ನೆನಪಿರಬಹುದು. ಅಷ್ಟು ಕಷ್ಟಪಟ್ಟು ತಂದ ವಯಲನ್ನು ಅಭ್ಯಾಸಬಲದಿಂದ ಸಲೈನಿನಲ್ಲಿ ಬೆರೆಸಿಬಿಟ್ಟರೆ ಉಪ್ಪಿನ ಸಂಪರ್ಕದಿಂದ ಔಷಧವು ಕದಡಿ ತಳಕ್ಕಿಳಿದು ವ್ಯರ್ಥವಾಗುತ್ತದೆ. ಅದಕ್ಕೆ ಶೇಕಡಾ ಐದರ ಡೆಕ್ಸ್‌ಟ್ರೋಸ್ ದ್ರವವೇ ಆಗಬೇಕು. ಕೊಟ್ಟ ಮೇಲೂ ನೆಮ್ಮದಿಯಿಲ್ಲ: ರೋಗಿ ಗಡಗಡನೆ ನಡುಗಿ ಜ್ವರವೇರಿಸಿಕೊಳ್ಳಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು, ಮೂತ್ರಪಿಂಡ ಸೋಲಬಹುದು. ಹೀಗಿರುವುದರಿಂದ ಮೂತ್ರದ ಅಳತೆ, ರಕ್ತಪರೀಕ್ಷೆಯ ಅಂಕಿಗಳು, ಸ್ನಾಯುಗಳ ಬಲಹೀನತೆ ಇವೆಲ್ಲ ಶುಶ್ರೂಷಕಿಯ ಕಣ್ಣಿನಲ್ಲಿ ಸದಾ ಇರತಕ್ಕವು.

ಔಷಧಗಳಲ್ಲೆಲ್ಲ ನನಗೆ ಒಂದು ಬಗೆಯ ಗೌರವವಿರುವುದು ಬೆಂಜಥೀನ್ ಪೆನಿಸಿಲಿನ್ ಎಂಬ ಹಳೆಯ ಇಂಜೆಕ್ಷನ್ನಿನ ಮೇಲೆ. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಕೀಲುವಾತದ ಜ್ವರ ಬಂದು ಹೃದಯದ ಕವಾಟಗಳು ಕೆಟ್ಟ ಮಕ್ಕಳಿಗೆ, ಆ ಜ್ವರ ಮರುಕಳಿಸದಂತೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ, ವರ್ಷಗಟ್ಟಲೆ ಇದನ್ನು ಕೊಡುತ್ತಾರೆ. ದೊಡ್ಡವರಿಗೆ ಕೊಡುವ ಪ್ರಮಾಣವು ಹನ್ನೆರಡು ಲಕ್ಷ ಯೂನಿಟ್ಟುಗಳಾದುದರಿಂದ 'ಹನ್ನೆರಡು ಲಕ್ಷದ ಸೂಜಿ' ಎಂದರೆ ಮನೆಯವರಿಗೂ ತಿಳಿಯುತ್ತದೆ. ಹಾಲಿನಂತೆ ಬೆಳ್ಳಗೆ ಗಟ್ಟಿಯಾಗಿರುವ ಆ ದ್ರವವು ಸಣ್ಣ ಸೂಜಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಚೆನ್ನಾಗಿ ಕುಲುಕದೆ ತೆಗೆದರೆ ಔಷಧ ತಳದಲ್ಲಿಯೇ ಉಳಿಯುತ್ತದೆ. ಸ್ನಾಯುವಿನ ಆಳಕ್ಕೆ ಕೊಡಬೇಕು, ರಕ್ತನಾಳಕ್ಕೆ ಎಂದಿಗೂ ಹೋಗಕೂಡದು. ನಡುವೆ ನಿಲ್ಲಿಸದೆ, ಆದರೆ ಮೆಲ್ಲಗೆ, ಒಂದೇ ಸಮನಾಗಿ ಒತ್ತಬೇಕು. ನೋವು ಬಹಳ. ಒಮ್ಮೆ ಒರಟು ಕೈಯಿಂದ ಚುಚ್ಚಿಸಿಕೊಂಡ ಹುಡುಗ ಮುಂದಿನ ತಿಂಗಳು ಆಸ್ಪತ್ರೆಯ ಮೆಟ್ಟಿಲನ್ನು ತುಳಿಯದಿರುವುದುಂಟು, ಹಾಗೆ ಬಿಟ್ಟುಹೋದವನಿಗೆ ಜ್ವರ ಮರುಕಳಿಸಿ ಕವಾಟ ಇನ್ನಷ್ಟು ಕೆಡುವುದುಂಟು. ಇಲ್ಲಿ ಕೈಯ ಮಾರ್ದವವೇ ಚಿಕಿತ್ಸೆಯ ಒಂದು ಅಂಗ.

ದೀರ್ಘಕಾಲದ ಚಿಕಿತ್ಸೆಯ ಪ್ರಸ್ತಾಪ ಬಂದುದರಿಂದ ಕ್ಷಯರೋಗವನ್ನು ಬಿಟ್ಟು ಮುಂದೆ ಹೋಗಲಾಗದು. ಸ್ಯಾನಟೋರಿಯಮ್ಮಿನಲ್ಲಿ ತಿಂಗಳುಗಟ್ಟಲೆ ಮಲಗಿರಬೇಕೆಂಬ ಹಿಂದಿನ ನಂಬಿಕೆಯನ್ನು ಅಲುಗಾಡಿಸಿದ್ದು ಮದರಾಸಿನ ಕ್ಷಯರೋಗ ಕೀಮೋಥೆರಪಿ ಕೇಂದ್ರ. 1956ರಲ್ಲಿ ಆರಂಭವಾದ ಅಲ್ಲಿನ ಅಧ್ಯಯನವು, ಬಡತನದ ಮನೆಗಳಲ್ಲಿದ್ದುಕೊಂಡೇ ಮಾತ್ರೆ ನುಂಗಿದವರೂ ಸ್ಯಾನಟೋರಿಯಮ್ಮಿನಲ್ಲಿದ್ದವರೂ ಹೆಚ್ಚುಕಡಮೆ ಸಮನಾಗಿಯೇ ಗುಣಹೊಂದಿದರೆಂದು 1959ರಲ್ಲಿ ಲೋಕಕ್ಕೆ ತಿಳಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಸ್ಥಾಪಿತವಾಯಿತು. ಆದರೆ ಮಾತ್ರೆಯನ್ನು ಕೊಟ್ಟು ಕಳುಹಿಸಿದರೆ ನುಂಗುವರೆಂಬ ಭರವಸೆ ಎಲ್ಲಿ? ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಉಳಿದ ಮಾತ್ರೆಗಳನ್ನು ಎಣಿಸಿ, ಮೂತ್ರವನ್ನು ಪರೀಕ್ಷೆಗೆ ತರುತ್ತಿದ್ದ ಭೇಟಿಗಳೂ ಆ ಅಧ್ಯಯನದ ಆಧಾರಗಳಾಗಿದ್ದುವು. ಇಂದು ಹೊಸ ಕ್ಷಯರೋಗಿಗೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ, ಮೊದಲೆರಡು ತಿಂಗಳು ನಾಲ್ಕು ಔಷಧಗಳು. ಅವುಗಳಲ್ಲೊಂದಾದ ರಿಫಾಂಪಿಸಿನ್ ಮೂತ್ರವನ್ನೂ ಕಣ್ಣೀರನ್ನೂ ಕಿತ್ತಳೆಯ ಬಣ್ಣಕ್ಕೆ ತಿರುಗಿಸುತ್ತದೆ. ಮುಂಚಿತವಾಗಿ ಹೇಳದಿದ್ದರೆ ರೋಗಿ ರಕ್ತ ಹೋಗುತ್ತಿದೆಯೆಂದು ಬೆದರಿ ಮದ್ದನ್ನೇ ಬಿಟ್ಟುಬಿಡಬಹುದು. ಹೇಳಿದ್ದರೆ ಅದೇ ಬಣ್ಣವು ಮದ್ದು ಹೊಟ್ಟೆಗೆ ಹೋಯಿತೆಂಬುದಕ್ಕೆ ಸಾಕ್ಷಿಯಾಗುತ್ತದೆ. ಗರ್ಭನಿರೋಧಕ ಮಾತ್ರೆಯ ಬಲವನ್ನು ರಿಫಾಂಪಿಸಿನ್ ಕುಗ್ಗಿಸುತ್ತದೆಂಬುದನ್ನು ತರುಣಿಯರಿಗೆ ಸಂಕೋಚಪಡದೆ ಹೇಳತಕ್ಕವಳೂ ಸಿಸ್ಟರೇ. ಐಸೊನಿಯಾಜಿಡ್‌ನಿಂದ ಪಾದಗಳಲ್ಲಿ ಜೋಮು, ಎಥಾಂಬ್ಯುಟಾಲ್‌ನಿಂದ ಕೆಂಪು ಹಸುರುಗಳ ಭೇದ ಮಸುಕಾಗುವುದು, ಯಕೃತ್ತು ಬಳಲಿ ಕಣ್ಣು ಹಳದಿಯಾಗುವುದು ಇವನ್ನು ರೋಗಿ ತಾನಾಗಿ ಹೇಳುವುದು ಕಡಮೆ. ಪ್ರತಿಸಲವೂ ಕೇಳಿಯೇ ತಿಳಿಯಬೇಕು.

ಮನೆಗೆ ಕಳುಹಿಸುವಾಗಿನ ನಾಲ್ಕು ಮಾತುಗಳ ಬೆಲೆಯನ್ನು ನಮ್ಮ ಆಸ್ಪತ್ರೆಗಳು ಇನ್ನೂ ಅರಿತಂತಿಲ್ಲ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ನನ್ನು ರಾತ್ರಿ ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಮಾತ್ರೆಯು ಅನ್ನನಾಳದಲ್ಲಿಯೇ ನಿಂತು ಹುಣ್ಣು ಮಾಡುತ್ತದೆ. ತುಂಬಿದ ಲೋಟ ನೀರು ಕುಡಿದು ಅರ್ಧ ಗಂಟೆಯಾದರೂ ಕುಳಿತಿರಬೇಕು. ಕಬ್ಬಿಣಾಂಶದ ಮಾತ್ರೆ, ಅಸಿಡಿಟಿಯ ಮದ್ದು ಇವುಗಳೊಡನೆ ಅದನ್ನಾಗಲಿ ಸಿಪ್ರೊಫ್ಲಾಕ್ಸಾಸಿನ್ನನ್ನಾಗಲಿ ಸೇವಿಸಿದರೆ ಔಷಧವು ಕಟ್ಟುಬಿದ್ದು ಮೈಗೆ ಹತ್ತುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ನಿಗೆ ಹಾಲೂ ಶತ್ರುವೇ. ಮಗುವಿನ ಒಣಪುಡಿಯ ಸಿರಪ್ಪಿಗೆ ಕುದಿಸಿ ಆರಿಸಿದ ನೀರನ್ನು ಸೀಸೆಯ ಗೆರೆಯವರೆಗೆ ಮಾತ್ರ ಹಾಕಬೇಕು, ಪ್ರತಿಸಲ ಕುಲುಕಬೇಕು, ಅದರ ಅವಧಿ ಅನೇಕವೇಳೆ ಏಳೇ ದಿನ. 'ಜ್ವರ ಬಿಟ್ಟಿತಲ್ಲ ಸಿಸ್ಟರ್, ಇನ್ನೂ ಮಾತ್ರೆ ಯಾಕೆ?' ಎಂಬ ಪ್ರಶ್ನೆಗಂತೂ ಉತ್ತರವು ಹಿಂದಿನಷ್ಟು ಸರಳವಾಗಿ ಉಳಿದಿಲ್ಲ. ಹೆಚ್ಚು ದಿನ ನುಂಗಿದಷ್ಟೂ ಒಳ್ಳೆಯದೆಂಬ ಹಳೆಯ ಭಾವನೆ ಈಗ ಸಡಿಲವಾಗಿದೆ. ಅನೇಕ ಸೋಂಕುಗಳಿಗೆ ಮೊದಲು ಎಣಿಸಿದ್ದಕ್ಕಿಂತ ಕಡಮೆ ದಿನಗಳು ಸಾಕೆಂದು ತಿಳಿದುಬಂದಿದೆ, ಕ್ಷಯಕ್ಕೆ ಮಾತ್ರ ಈ ಸಡಿಲಿಕೆಯನ್ನು ಯಾರೂ ಅನ್ವಯಿಸಿಕೊಳ್ಳಕೂಡದು. ಆದುದರಿಂದ ವೈದ್ಯರು ಬರೆದಷ್ಟು ದಿನ, ಅದಕ್ಕೆ ಒಂದು ದಿನ ಕಡಮೆಯೂ ಬೇಡ, ಉಳಿದದ್ದನ್ನು ಮುಂದಿನ ಕೆಮ್ಮಿಗೆಂದು ಡಬ್ಬಿಯಲ್ಲಿಡುವುದೂ ಬೇಡ ಎಂಬುದೇ ಯುಕ್ತವಾದ ಉತ್ತರ. ಮಾತ್ರೆಯ ಪಟ್ಟಿಯ ಮೇಲಿನ ಉದ್ದನೆಯ ಕೆಂಪು ಗೆರೆಯು, ಚೀಟಿಯಿಲ್ಲದೆ ಇದನ್ನು ಕೊಳ್ಳಬಾರದೆಂಬುದರ ಗುರುತು. 2016ರಿಂದ ಸರ್ಕಾರವು ಪ್ರಚಾರಮಾಡುತ್ತಿರುವ ಈ ಗೆರೆಯನ್ನು ಬೆರಳಿಟ್ಟು ತೋರಿಸುವುದಕ್ಕೆ ಅರ್ಧ ನಿಮಿಷವೂ ಹಿಡಿಯದು.

ಕೈತೊಳೆಯುವ ವಿಷಯವನ್ನು ವಿಸ್ತರಿಸಬೇಕಾಗಿಲ್ಲ. ವಿಯೆನ್ನಾದಲ್ಲಿ 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ತೋರಿಸಿಕೊಟ್ಟ ಅದರ ಪ್ರಯೋಜನವನ್ನು ಇಂದು ಸಂದೇಹಿಸುವವರು ಯಾರೂ ಇಲ್ಲ, ಪಾಲಿಸುವವರು ಮಾತ್ರ ಸಾಲದು. ಅದಕ್ಕಿಂತ ಕಡಮೆ ಚರ್ಚೆಗೆ ಬಂದಿರುವುದು ಡ್ರಿಪ್ಪನ್ನು ಯಾವಾಗ ನಿಲ್ಲಿಸಬೇಕೆಂಬ ವಿಚಾರ. ಕೈಗೆ ಚುಚ್ಚಿರುವ ಪ್ರತಿಯೊಂದು ಕ್ಯಾನುಲವೂ ಕ್ರಿಮಿಗಳಿಗೆ ತೆರೆದಿಟ್ಟ ದಾರಿ. ಬಾಯಲ್ಲಿ ಕೊಟ್ಟರೂ ಅಷ್ಟೇ ಚೆನ್ನಾಗಿ ಮೈಗೆ ಹತ್ತುವ ಪ್ರತಿಜೈವಿಕಗಳು ಹಲವು ಇವೆ. ರೋಗಿ ತಿನ್ನುತ್ತಿದ್ದಾನೆಯೇ, ನುಂಗುತ್ತಿದ್ದಾನೆಯೇ, ಜ್ವರದ ಗೆರೆ ಇಳಿದಿದೆಯೇ, ಸೂಜಿಯ ಜಾಗ ಕೆಂಪಾಗಿ ಊದಿದೆಯೇ ಎಂಬುದು ಬೆಳಗಿನ ರೌಂಡ್ಸಿಗೆ ಹತ್ತು ನಿಮಿಷ ಬಂದು ಹೋಗುವವರಿಗಿಂತ ರಾತ್ರಿಯೆಲ್ಲ ಅಲ್ಲಿಯೇ ಇದ್ದವಳಿಗೆ ಚೆನ್ನಾಗಿ ಗೊತ್ತು. 'ಸರ್, ಎರಡು ದಿನದಿಂದ ಜ್ವರವಿಲ್ಲ, ಬೆಳಿಗ್ಗೆ ಮೂರು ಇಡ್ಲಿ ತಿಂದಿದ್ದಾರೆ, ಕಲ್ಚರ್ ರಿಪೋರ್ಟೂ ಬಂದಿದೆ. ಇಂಜೆಕ್ಷನ್ ಮುಂದುವರಿಸಬೇಕೆ, ಮಾತ್ರೆ ಮಾಡಬಹುದೆ?' ಎಂದು ಅವಳು ಕೇಳಬೇಕು. ಹೃದಯಕವಾಟದ ಸೋಂಕು, ಮೆದುಳಿನ ಪೊರೆಯ ಸೋಂಕು ಇಂಥವುಗಳಲ್ಲಿ 'ಮುಂದುವರಿಸಿ' ಎಂಬುದೇ ಸರಿಯಾದ ಉತ್ತರವಾಗಬಹುದು. ಮಿಕ್ಕ ಎಷ್ಟೋ ಕಡೆ ಆ ಪ್ರಶ್ನೆ ಹುಟ್ಟದ ಕಾರಣದಿಂದಲೇ ಡ್ರಿಪ್ ಮುಂದುವರಿಯುತ್ತಿರುತ್ತದೆ. ಅಮೆರಿಕದಲ್ಲಿ ಅಲ್ಲಿನ ದಾದಿಯರ ಸಂಘವೂ ರೋಗನಿಯಂತ್ರಣ ಕೇಂದ್ರವೂ ಕೂಡಿ 2017ರಲ್ಲಿಯೇ, ಪ್ರತಿಜೈವಿಕಗಳ ಸದ್ಬಳಕೆಯ ಮಂಡಲಿಗಳಲ್ಲಿ ಶುಶ್ರೂಷಕಿಯರಿಗೆ ಸ್ಥಾನವಿರಬೇಕೆಂದು ಶಿಫಾರಸು ಮಾಡಿದುವು. ನಮ್ಮಲ್ಲಿ ಹಾಗೆ ಕೇಳಿದ ಸಿಸ್ಟರನ್ನು 'ಅದು ನಿಮಗೇಕೆ' ಎಂದು ಗದರುವ ವೈದ್ಯರೂ ಇದ್ದಾರೆ, ಪೆನ್ನು ತೆಗೆದು ಚಾರ್ಟನ್ನು ಅಲ್ಲಿಯೇ ತಿದ್ದುವವರೂ ಇದ್ದಾರೆ. ಎರಡನೆಯವರ ರೋಗಿ ಒಂದೆರಡು ದಿನ ಮುಂಚಿತವಾಗಿ ಮನೆಗೆ ಹೋಗುತ್ತಾನೆ.